ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ದೋಣಿಗಳ ಚಿತ್ರಗಳನ್ನು ಓದುವ ಬಗೆ

ಪ್ರಶ್ನೆ: ನಮ್ಮ ತಂದೆಯವರು ಗಂಗೊಳ್ಳಿಯಿಂದ ಬೆಂಗಳೂರಿಗೆ ಬಂದು ನೆಲೆಸಿದವರು. ಅವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಮೂರು ಕಪ್ಪು ಬಿಳುಪು ಚಿತ್ರಗಳು ಸಿಕ್ಕಿವೆ. ಒಂದರಲ್ಲಿ ಮರಳಿನ ಮೇಲೆ ಅರ್ಧ ಕಟ್ಟಿದ ದೋಣಿಯೂ ಅದರ ಪಕ್ಕದಲ್ಲಿ ಬಾಚಿ ಹಿಡಿದ ಆಚಾರಿಯೊಬ್ಬರೂ ಇದ್ದಾರೆ. ಎರಡನೆಯದರಲ್ಲಿ ಬಹಳ ಜನ ಸಾಲಾಗಿ ನಿಂತು ಬಲೆಯ ಹಗ್ಗ ಎಳೆಯುತ್ತಿದ್ದಾರೆ. ಮೂರನೆಯದರಲ್ಲಿ ಹೊಳೆಯ ಬಾಯಲ್ಲಿ ಹಾಯಿ ಇಳಿಸಿ ನಿಂತ ದೊಡ್ಡ ಮಂಜಿ ಇದೆ. ಹಿಂಬದಿಯಲ್ಲಿ ಹೆಸರಾಗಲಿ ಇಸವಿಯಾಗಲಿ ಇಲ್ಲ. ಇವು ಯಾವ ಕಾಲದವೆಂದು ತಿಳಿಯುವುದು ಹೇಗೆ? ಇವುಗಳಿಗೆ ನಮ್ಮ ಮನೆಯ ನೆನಪಿನಾಚೆಗೆ ಏನಾದರೂ ಬೆಲೆ ಇದೆಯೆ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಬೆಲೆ ಇದೆ, ಅದೂ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚಾಗಿಯೇ ಇದೆ. ನಮ್ಮ ಕರಾವಳಿಯ ಆಚಾರಿಗಳು ನಕ್ಷೆ ಬರೆದು ದೋಣಿ ಕಟ್ಟಿದವರಲ್ಲ. ಅಳತೆ ಕಣ್ಣಿನಲ್ಲಿತ್ತು, ಲೆಕ್ಕ ಬಾಯಲ್ಲಿತ್ತು, ಕಸುಬು ತಂದೆಯಿಂದ ಮಗನಿಗೆ ಕೆಲಸ ಮಾಡುತ್ತಲೇ ದಾಟುತ್ತಿತ್ತು. ಹೀಗಿರುವಾಗ ಕಟ್ಟುವ ಕೆಲಸವನ್ನು ನಡುವಿನಲ್ಲೇ ಹಿಡಿದಿಟ್ಟ ಒಂದು ಚಿತ್ರ, ಅದು ಎಷ್ಟೇ ಮಸುಕಾಗಿದ್ದರೂ, ಆ ಕಸುಬಿನ ದಾಖಲೆಯಾಗುತ್ತದೆ.

ಇನ್ನು ಕಾಲದ ಮಾತು. ನೀವು ಕಳುಹಿಸಿದ ಪ್ರತಿಗಳಲ್ಲಿ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮೊದಲನೆಯ ಚಿತ್ರ. ಅದರ ಮೇಲಂಚಿನ ಹಲಗೆಯನ್ನು ದೊಡ್ಡದು ಮಾಡಿ ನೋಡಿದರೆ, ಅಂಚಿನ ಉದ್ದಕ್ಕೂ ಬೈರಿಗೆಯಿಂದ ಕೊರೆದ ಸಣ್ಣ ತೂತುಗಳು ಸಮಾನ ಅಂತರದಲ್ಲಿ ಕಾಣುತ್ತವೆ. ಆಚಾರಿಯವರ ಕಾಲ ಬಳಿ ತೆಂಗಿನ ನಾರಿನ ಹುರಿಯ ಸುರುಳಿ ಬಿದ್ದಿದೆ. ಅಂದರೆ ಇದು ಮೊಳೆ ಹೊಡೆದ ದೋಣಿಯಲ್ಲ, ಹೊಲಿದ ದೋಣಿ. ಇಂಥ ದೋಣಿಯಲ್ಲಿ ಮೊದಲು ಹಲಗೆಗೆ ಹಲಗೆ ಕೂಡಿಸಿ, ಸಂದಿಯ ಮೇಲೆ ನಾರಿನ ಪಟ್ಟಿ ಇಟ್ಟು, ಹುರಿಯಿಂದ ಬಿಗಿದು ಹೊಲಿದು ಹೊರಮೈಯನ್ನು ಸಿದ್ಧಪಡಿಸುತ್ತಾರೆ. ಒಳಗಿನ ಬಾಗುಮರಗಳು, ಅಂದರೆ ದೋಣಿಯ ಪಕ್ಕೆಲುಬುಗಳು, ಕೂರುವುದು ಆಮೇಲೆ. ಮುಂದೆ ಯಂತ್ರದೋಣಿಗಳ ಕಾಲದಲ್ಲಿ ನಕ್ಷೆಯ ಪ್ರಕಾರ ಕಟ್ಟತೊಡಗಿದಾಗ ಕ್ರಮವೇ ತಿರುಗಿತು: ಮೊದಲು ಬಾಗುಮರಗಳ ಚೌಕಟ್ಟು ಎದ್ದು ನಿಲ್ಲುತ್ತದೆ, ಹಲಗೆ ಹೊದಿಸುವುದು ಅದರ ನಂತರ. ಆದ್ದರಿಂದ ಯಾವುದೇ ದೋಣಿಕಟ್ಟೆಯ ಹಳೆಯ ಚಿತ್ರ ಕೈಗೆ ಸಿಕ್ಕಾಗ ಮೊದಲು ನೋಡಬೇಕಾದದ್ದು, ಬರಿಯ ಬಾಗುಮರಗಳು ನಿಂತಿವೆಯೋ ಅಥವಾ ಬಾಗುಮರವಿಲ್ಲದೆ ಹಲಗೆಗಳು ನಿಂತಿವೆಯೋ ಎಂಬುದನ್ನು. ನಿಮ್ಮ ಚಿತ್ರದ ದೋಣಿಯ ಒಳಗಡೆ ಅರ್ಧ ಭಾಗ ಬಾಗುಮರವಿಲ್ಲದೆ ಖಾಲಿಯಾಗಿದೆ, ಅಂದರೆ ಇದು ಹಲಗೆಯನ್ನು ಮೊದಲು ಕೂಡಿಸುವ ಹಳೆಯ ಕ್ರಮದ್ದು.

ಆದರೆ ಹೊಲಿಗೆಯೊಂದರಿಂದಲೇ ಇಸವಿ ಹೇಳಲಾಗದು, ಏಕೆಂದರೆ ಹೊಲಿದ ದೋಣಿಗಳು ಯಂತ್ರಗಳು ಬಂದ ಮೇಲೂ ಬಹಳ ಕಾಲ ಉಳಿದವು. ಇನ್ನೊಂದು ವಿಷಯವನ್ನೂ ಗಮನಿಸಿ. ಕೆಳಗಿನ ಹಲಗೆಗಳು ಕಪ್ಪಗಿವೆ, ಮೇಲಿನ ಒಂದು ಹಲಗೆ ಮಾತ್ರ ಬೆಳ್ಳಗಿದೆ. ಮರ ನೀರಿಗೆ, ಹುಳಕ್ಕೆ ಕೆಡದಿರಲೆಂದು ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಮತ್ತೆಮತ್ತೆ ಬಳಿಯುತ್ತಿದ್ದುದರಿಂದ ಬಳಸಿದ ದೋಣಿಗಳು ಕಪ್ಪಾಗುತ್ತಿದ್ದವು. ಹೊಲಿಗೆಯ ಹುರಿ ಉಪ್ಪುನೀರಿಗೆ ಸವೆಯುವುದರಿಂದ ಆಗಾಗ ಬಿಚ್ಚಿ ಹೊಸದಾಗಿ ಹೊಲಿಯಬೇಕಾಗುತ್ತಿತ್ತು. ಹಾಗಾಗಿ ನೀವು ‘ಅರ್ಧ ಕಟ್ಟಿದ ದೋಣಿ’ ಎಂದು ಬರೆದಿದ್ದೀರಾದರೂ, ನಮಗೆ ಇದು ಹಳೆಯ ದೋಣಿಯನ್ನು ಬಿಚ್ಚಿ, ಹಾಳಾದ ಹಲಗೆ ಬದಲಿಸಿ ಮತ್ತೆ ಹೊಲಿಯುತ್ತಿರುವ ಚಿತ್ರವೆಂದೇ ತೋರುತ್ತದೆ. ಹಿಂದೆ ಕಾಣುವ ತೆಂಗಿನ ಮಡಲಿನ ಚಪ್ಪರವೂ ಇದಕ್ಕೆ ಹೊಂದುತ್ತದೆ: ಮಳೆಗಾಲದಲ್ಲಿ ಕಡಲಿಗಿಳಿಯದ ದೋಣಿಗಳನ್ನು ಚಪ್ಪರದಡಿ ಇಟ್ಟು, ನೂಲ ಹುಣ್ಣಿಮೆಯ ಸಮುದ್ರ ಪೂಜೆ ಮುಗಿದು ಮೀನುಗಾರಿಕೆ ಶುರುವಾಗುವ ಮೊದಲು ರಿಪೇರಿ ಮುಗಿಸುವುದು ವಾಡಿಕೆ. ಇಂಥ ಚಿತ್ರಗಳಲ್ಲಿ ಇಸವಿಗಿಂತ ಮೊದಲು ತಿಂಗಳು ತಿಳಿಯುವುದುಂಟು.

ಎರಡನೆಯದು ರಂಪಣಿ. ದೋಣಿಯೊಂದು ಬಲೆಯನ್ನು ಕಡಲಿನಲ್ಲಿ ಅರ್ಧವೃತ್ತವಾಗಿ ಹರವಿ ಬಂದ ಮೇಲೆ, ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ನಿಂತವರು ಎಳೆದು ಬಂಗುಡೆ, ಬೂತಾಯಿಯ ಹಿಂಡನ್ನು ಮರಳಿಗೆ ತರುವ ಈ ಪದ್ಧತಿಗೆ ಊರಿಗೆ ಊರೇ ಸೇರಬೇಕಿತ್ತು. ಸಿಕ್ಕಿದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಕರ್ನಾಟಕದ ಕರಾವಳಿಗೆ 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು, ಹಿಂಡು ದಡಕ್ಕೆ ಬರುವ ಮೊದಲೇ ಅದನ್ನು ಸುತ್ತುಹಾಕತೊಡಗಿದ ಮೇಲೆ ದೊಡ್ಡ ರಂಪಣಿಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಹಾಗಾಗಿ ಇಷ್ಟು ಜನ ಎಳೆಯುವ ರಂಪಣಿಯ ಚಿತ್ರ ಹೆಚ್ಚಾಗಿ ಅದಕ್ಕಿಂತ ಹಿಂದಿನದು. ಇನ್ನೂ ಹಿಂದಕ್ಕೆ ಹೋಗಲು ಬಲೆಯನ್ನೇ ನೋಡಬೇಕು. ಹತ್ತಿಯ ಅಥವಾ ಸೆಣಬಿನ ನೂಲಿನ ಬಲೆಯನ್ನು ಕೊಳೆಯದಂತೆ ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು, ಬಳಸಿದ ಮೇಲೆ ಮರಳಿನಲ್ಲಿ ಹರವಿ ಒಣಗಿಸುತ್ತಿದ್ದರು. ನೈಲಾನಿಗೆ ಈ ಉಪಚಾರ ಬೇಕಿಲ್ಲ. ನಿಮ್ಮ ಚಿತ್ರದಲ್ಲಿ ಬಲೆಯ ರಾಶಿ ದಟ್ಟ ಕಪ್ಪಾಗಿದೆ, ತೇಲುಗಳು ಮರದ ತುಂಡುಗಳು, ಹಿಂಬದಿಯ ದಿಬ್ಬದಲ್ಲಿ ಮತ್ತೊಂದು ಬಲೆ ಒಣಗುತ್ತಿದೆ. ಚಿತ್ರದ ಕಾಗದದ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿರುವುದು 1930ರಿಂದ 1960ರ ದಶಕದವರೆಗೆ ಸ್ಟುಡಿಯೋಗಳಲ್ಲಿ ಹೆಚ್ಚಾಗಿ ರೂಢಿಯಲ್ಲಿದ್ದ ಶೈಲಿ. ಇವೆಲ್ಲವನ್ನೂ ಕೂಡಿಸಿ 1940 ಮತ್ತು 1960ರ ನಡುವಿನದೆಂದು ನಾವು ಎಣಿಸುತ್ತೇವೆ. ಆದರೆ ಕಾಗದದ ಕಾಲ ಮುದ್ರಣದ ಕಾಲವೇ ಹೊರತು ಕ್ಲಿಕ್ಕಿಸಿದ ಕಾಲವಲ್ಲ ಎಂಬುದನ್ನು ನೆನಪಿಡಬೇಕು. ಹಳೆಯ ನೆಗೆಟಿವಿನಿಂದ ಎಷ್ಟೋ ವರ್ಷದ ಮೇಲೆ ಪ್ರತಿ ತೆಗೆಸಿರುವುದೂ ಸಾಧ್ಯ.

ಮೂರನೆಯ ಚಿತ್ರದ ಮಂಜಿ ಮೀನಿನ ದೋಣಿಯಲ್ಲ, ಹೆಂಚು, ಅಕ್ಕಿ, ಸೌದೆ ಹೊರುತ್ತಿದ್ದ ಸರಕಿನ ಹಾಯಿಹಡಗು. ಇಂಥವು ಬಂದರಿನ ದಫ್ತರಿನಲ್ಲಿ ನೋಂದಣಿಯಾಗುತ್ತಿದ್ದುದರಿಂದ ಹೆಸರು, ಸಂಖ್ಯೆಗಳನ್ನು ಮೈಮೇಲೆ ಬರೆಸಿರುವ ಸಾಧ್ಯತೆ ಇದೆ. ಮೂಲಚಿತ್ರದಲ್ಲಿ ಮಂಜಿಯ ಹಿಂತುದಿ ಕಾಣುವ ಮೂಲೆಯನ್ನು ಒಳ್ಳೆಯ ಸ್ಕ್ಯಾನರಿನಲ್ಲಿ ಹಿಗ್ಗಿಸಿ ನೋಡಿ.

ಇಷ್ಟು ಬರೆದ ಮೇಲೂ ನಾವು ಒತ್ತಿ ಹೇಳಬೇಕಾದದ್ದು ಬೇರೆಯೇ ಇದೆ. ಬೆಂಗಳೂರಿನಲ್ಲಿ ಕುಳಿತು ನಾವು ಹೇಳುವುದು ಊಹೆ. ಗಂಗೊಳ್ಳಿಯಲ್ಲಿ ಈ ಕೆಲಸ ಮಾಡಿದ, ಮಾಡುವುದನ್ನು ಕಣ್ಣಾರೆ ಕಂಡ ಹಿರಿಯರು ಹೇಳುವುದು ಸಾಕ್ಷ್ಯ. ಮುಂದಿನ ರಜೆಗೆ ಊರಿಗೆ ಹೋಗುವಾಗ ಚಿತ್ರಗಳ ದೊಡ್ಡ ಪ್ರತಿಗಳನ್ನು ಒಯ್ಯಿರಿ. ಮೊಬೈಲಿನ ಪರದೆಯಲ್ಲಿ ತೋರಿಸಬೇಡಿ, ವಯಸ್ಸಾದ ಕಣ್ಣಿಗೆ ಅದು ಸಾಲದು. ‘ಇದು ಯಾರು’ ಎಂದು ಮಾತ್ರ ಕೇಳಿ ಸುಮ್ಮನಾಗದೆ, ಈ ಹಲಗೆ ಯಾವ ಮರದ್ದು, ಮಾವೋ ಹಲಸೋ ಹೆಬ್ಬಲಸೋ, ಯಾವ ಘಟ್ಟದಿಂದ ಬಂತು, ಈ ಗಂಟನ್ನು ಹೇಗೆ ಹಾಕುತ್ತಿದ್ದರು, ಕೂಲಿ ದುಡ್ಡಿನಲ್ಲೋ ಅಕ್ಕಿಯಲ್ಲೋ ಎಂದು ಕೇಳಿ. ಮೀನುಗಾರರಾದ ಖಾರ್ವಿ ಸಮುದಾಯದ ಮನೆಗಳಲ್ಲಿ ಕೊಂಕಣಿಯಲ್ಲಿ, ಇತರರಲ್ಲಿ ಕುಂದಾಪುರದ ಕನ್ನಡದಲ್ಲಿ ಅವರು ಬಳಸುವ ಮಾತುಗಳನ್ನು ಪುಸ್ತಕದ ಕನ್ನಡಕ್ಕೆ ತಿದ್ದದೆ ಹಾಗೆಯೇ ಬರೆದುಕೊಳ್ಳಿ. ಹೊಲಿದ ದೋಣಿಯನ್ನು ಕೈಯಾರೆ ಬಿಗಿದವರು ಈಗ ಬಹಳ ವಯಸ್ಸಾದವರು. ಈ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ.

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ಕರಾವಳಿ ಕರ್ನಾಟಕದ ದೋಣಿಗಳ ಹಳೆಯ ಚಿತ್ರಗಳನ್ನು ಬೆಂಗಳೂರಿನಲ್ಲಿದ್ದುಕೊಂಡೇ ನೋಡಲು ಸಾಧ್ಯವೆ? ಹುಡುಕಿದಲ್ಲೆಲ್ಲ ಮೈಸೂರು ಅರಮನೆಯ ಚಿತ್ರಗಳೇ ಸಿಗುತ್ತಿವೆ.
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮಗಾಗಿರುವ ತೊಂದರೆಗೆ ಕಾರಣ ನಮ್ಮ ರಾಜ್ಯದ ಚರಿತ್ರೆಯಲ್ಲೇ ಇದೆ. 1956ರ ನವೆಂಬರ್ 1ಕ್ಕೆ ಮೊದಲು ಕರಾವಳಿ ಮೈಸೂರಿಗೆ ಸೇರಿರಲಿಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಆದ್ದರಿಂದ ಮಲ್ಪೆ, ಗಂಗೊಳ್ಳಿಗಳ ಬಗೆಗಿನ ಆ ಕಾಲದ ಸರ್ಕಾರಿ ಕಡತಗಳನ್ನು ಚೆನ್ನೈಯಲ್ಲಿಯೂ ಕಾರವಾರ, ಹೊನ್ನಾವರಗಳವನ್ನು ಮುಂಬಯಿಯಲ್ಲಿಯೂ ಹುಡುಕಬೇಕು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಹಳೆಯ ಮೈಸೂರಿನ ಕಾಗದಗಳೇ ಹೆಚ್ಚೆಂಬುದರಲ್ಲಿ ಆಶ್ಚರ್ಯವಿಲ್ಲ.

ಮದರಾಸು ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಅವರು ಭಾರತದ ದೋಣಿಗಳ ವಿನ್ಯಾಸದ ಬಗ್ಗೆ ಬರೆದ ಅಧ್ಯಯನವನ್ನು 1920ರಲ್ಲಿ ಕೊಲ್ಕತ್ತದ ಏಷ್ಯಾಟಿಕ್ ಸೊಸೈಟಿ ಪ್ರಕಟಿಸಿತು. ನಿಮ್ಮ ಕೆಲಸವನ್ನು ಅದರಿಂದ ಶುರುಮಾಡುವುದು ಒಳ್ಳೆಯದು. ಯಾವ ದೋಣಿಗೆ ಒಂದು ಪಕ್ಕದಲ್ಲಿ ತೇಲುಮರ ಕಟ್ಟಿರುತ್ತದೆ, ಯಾವುದಕ್ಕೆ ಕಟ್ಟಿರುವುದಿಲ್ಲ, ಯಾವುದು ಒಂದೇ ಮರವನ್ನು ಕೊರೆದದ್ದು, ಯಾವುದು ಹಲಗೆ ಕೂಡಿಸಿದ್ದು ಎಂದು ವಿಂಗಡಿಸುವ ಕಣ್ಣು ಅದರಿಂದ ಬರುತ್ತದೆ. ಆ ಕಣ್ಣಿಲ್ಲದೆ ನೂರು ಚಿತ್ರ ನೋಡಿದರೂ ಎಲ್ಲವೂ ಬರಿಯ ‘ದೋಣಿ’ಗಳೇ.

ಮನೆಯಲ್ಲೇ ಕುಳಿತು ನೋಡಬಹುದಾದ ದೊಡ್ಡ ಭಂಡಾರವೆಂದರೆ ಬಾಸೆಲ್ ಮಿಷನ್ನಿನ ಚಿತ್ರಸಂಗ್ರಹ. 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ತೆರೆದ ಈ ಸಂಸ್ಥೆಯವರು ಹತ್ತೊಂಬತ್ತನೆಯ ಶತಮಾನದಿಂದಲೇ ಕರಾವಳಿಯಲ್ಲಿ ಚಿತ್ರ ತೆಗೆದಿದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿರುವ ಆ ಸಂಗ್ರಹ ಅಂತರ್ಜಾಲದಲ್ಲಿ ತೆರೆದಿದೆ. ಊರಿನ ಹೆಸರುಗಳನ್ನು ಬ್ರಿಟಿಷರ ಕಾಲದ ಕಾಗುಣಿತದಲ್ಲಿ ಹುಡುಕಿದರೆ ಬೇಗ ಸಿಗುತ್ತವೆ. ಆ ಚಿತ್ರಗಳ ಕೆಳಗಿನ ಬರಹ ಮಿಷನರಿಗಳದು ಎಂಬುದನ್ನು ಮಾತ್ರ ಮರೆಯಬೇಡಿ. ಅವರಿಗೆ ಬೇಕಿದ್ದದ್ದು ತಮ್ಮ ಕೆಲಸದ ವರದಿ. ದೋಣಿ ಚಿತ್ರದಲ್ಲಿ ಬಂದದ್ದು ಹಲವೆಡೆ ಆಕಸ್ಮಿಕವಾಗಿ. ಅತಿ ಹಳೆಯ ಚಿತ್ರಗಳಲ್ಲಿ ದೋಣಿಗಳೆಲ್ಲ ದಡಕ್ಕೆ ಎಳೆದಿಟ್ಟವೋ ಹೊಳೆಯ ತಿಳಿನೀರಿನಲ್ಲಿ ನಿಂತವೋ ಆಗಿರುವುದಕ್ಕೂ ಒಂದು ಕಾರಣವಿದೆ. ಆಗಿನ ಗಾಜಿನ ಫಲಕಕ್ಕೆ ಕೆಲವು ಸೆಕೆಂಡುಗಳ ಬೆಳಕು ಬೇಕಿತ್ತು, ಅಲೆಯ ಮೇಲಿನ ದೋಣಿ ಕಲಸಿಹೋಗುತ್ತಿತ್ತು. ಆ ಚಿತ್ರಗಳನ್ನು ನೋಡಿ, ನಮ್ಮವರು ಕಡಲಿಗಿಳಿಯದೆ ದಡದಲ್ಲೇ ಕುಳಿತಿದ್ದರೆಂಬ ತೀರ್ಮಾನಕ್ಕೆ ಬಂದರೆ ಅವರಿಗೆ ಅನ್ಯಾಯ ಮಾಡಿದಂತೆ.

ಸ್ವಾತಂತ್ರ್ಯದ ನಂತರದ ಕಾಲಕ್ಕೆ 1947ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಹಳೆಯ ಪ್ರಕಟಣೆಗಳನ್ನು ನೋಡಿ, ಅವೂ ಅಂತರ್ಜಾಲದಲ್ಲಿವೆ. 1952ರ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಶುರುವಾಗಿ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿದ ಇಂಡೋ–ನಾರ್ವೇಜಿಯನ್ ಯೋಜನೆಯ ವರದಿಗಳಿಂದ ಎಂಜಿನ್ ಕೂರಿಸಿದ ದೋಣಿಗಳ ಆರಂಭಕಾಲ ತಿಳಿಯುತ್ತದೆ. ನಮ್ಮ ನಗರದಲ್ಲಿ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯವನ್ನೂ, ಛಾಯಾಚಿತ್ರಗಳನ್ನು ನೋಡುವ ಬಗೆ ಕಲಿಯಲು ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವನ್ನೂ ಬಳಸಿಕೊಳ್ಳಿ. ಇಷ್ಟಾದರೂ ಅತ್ಯುತ್ತಮ ಚಿತ್ರಗಳು ಇರುವುದು ಮನೆಗಳಲ್ಲಿ ಎಂಬುದು ನಮ್ಮ ನಂಬಿಕೆ. ಮೇಲಿನ ವಿಜಯನಗರದ ಓದುಗರ ಪತ್ರವೇ ಅದಕ್ಕೆ ಸಾಕ್ಷಿ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿರುವ ನಿಮ್ಮ ಪರಿಚಯದವರನ್ನು ಕೇಳಿ ನೋಡಿ.

ಸ್ಥಳ ಗುರುತಿಸುವ ವಿಷಯದಲ್ಲಿ ಒಂದು ಮಾತು. ದೋಣಿಯ ಹಿಂದಿನ ದಿಗಂತವನ್ನು ಬಿಡಬೇಡಿ. ಕಾಪುವಿನ ದೀಪಸ್ತಂಭ ಕಂಡರೆ ಚಿತ್ರ 1901ರ ಈಚಿನದು. ನೇತ್ರಾವತಿಯ ರೈಲು ಸೇತುವೆ ಪೂರ್ಣವಾಗಿ ಕಂಡರೆ, ಮಂಗಳೂರಿಗೆ ರೈಲು ಬಂದ 1907ರ ಆಸುಪಾಸಿನದೋ ಆಮೇಲಿನದೋ ಆಗಿರಬೇಕು.

ಪ್ರಶ್ನೆ: ಉಡುಪಿಯ ಮನೆಯಿಂದ ತಂದ ದೋಣಿಯ ಚಿತ್ರವೊಂದು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದೆ, ಅಂಚಿನಲ್ಲಿ ಬೂಷ್ಟು ಹಿಡಿದಿದೆ. ಸ್ಟುಡಿಯೋದವರು ಬಿಡಿಸಿ, ಬಣ್ಣ ಹಾಕಿ, ಲ್ಯಾಮಿನೇಷನ್ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಕೊಡಬಹುದೆ?
– ಓದುಗರೊಬ್ಬರು, ಮಲ್ಲೇಶ್ವರಂ, ಬೆಂಗಳೂರು

ಉತ್ತರ: ಮೂರೂ ಬೇಡ. ಗಾಜಿಗೆ ಅಂಟಿದ ಚಿತ್ರವನ್ನು ಎಳೆದರೆ ಚಿತ್ರದ ಪದರವೇ ಗಾಜಿನ ಮೇಲೆ ಉಳಿಯುತ್ತದೆ. ಹಾಗೆಯೇ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಅದು ಆಗದಿದ್ದರೆ ಪಕ್ಕದ ಬೆಳಕಿನಲ್ಲಿ ಕ್ಯಾಮೆರಾದಿಂದ ಪ್ರತಿ ತೆಗೆಸಿ, ಬಿಡಿಸುವ ಕೆಲಸವನ್ನು ಸಂರಕ್ಷಣೆಯಲ್ಲಿ ತರಬೇತಾದವರಿಗೇ ಬಿಡಿ. ಲ್ಯಾಮಿನೇಷನ್ ಮಾಡಿದ್ದನ್ನು ಮುಂದೆ ಬಿಚ್ಚಲಾಗದು. ಬಣ್ಣ ಹಾಕುವುದಾದರೆ ಸ್ಕ್ಯಾನ್ ಮಾಡಿದ ಪ್ರತಿಗೆ ಹಾಕಿಸಿ, ಮೂಲಕ್ಕಲ್ಲ. ಆದರೂ ದೋಣಿಯ ಬಣ್ಣ ಯಾರಿಗೂ ನೆನಪಿಲ್ಲದಿರುವಾಗ ಕಂಪ್ಯೂಟರು ಊಹಿಸಿದ ನೀಲಿಯನ್ನು ಮುಂದಿನವರು ಸತ್ಯವೆಂದು ನಂಬುವ ಅಪಾಯವಿರುವುದರಿಂದ ನಮಗೆ ಅದು ಇಷ್ಟವಿಲ್ಲ. ಸ್ಕ್ಯಾನ್ ಮಾಡಿಸುವಾಗ ಇಂಚಿಗೆ 600 ಚುಕ್ಕೆಗಳಿಗೆ ಕಡಿಮೆಯಾಗದಂತೆ, ಅಂಚುಗಳನ್ನು ಕತ್ತರಿಸದಂತೆ, ಹಿಂಬದಿಯನ್ನೂ ಬಿಡದಂತೆ ಹೇಳಿ.

ಬೂಷ್ಟು ಹಿಡಿದ ಚಿತ್ರವನ್ನು ಉಳಿದವುಗಳಿಂದ ಬೇರೆಯಿಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಕರಾವಳಿಗೆ ಹೋಲಿಸಿದರೆ ಬೆಂಗಳೂರಿನ ಗಾಳಿ ಒಣದಾದ್ದರಿಂದ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟರೆ ಸಾಕಷ್ಟು ರಕ್ಷಣೆ ಸಿಗುತ್ತದೆ. ಹಿಂಬದಿಯಲ್ಲಿ ಬರೆಯಬೇಕಾದರೆ ಮೆದು ಪೆನ್ಸಿಲಿನಿಂದ ಅಂಚಿನಲ್ಲಿ ಬರೆಯಿರಿ. ಚಿತ್ರದ ಜೊತೆ ಹಳೆಯ ನೆಗೆಟಿವುಗಳೂ ಇದ್ದರೆ ಅವನ್ನು ಬೇರೆ ಪೆಟ್ಟಿಗೆಗೆ ಹಾಕಿ. ವಿನಿಗರ್ ವಾಸನೆ ಬರುತ್ತಿದ್ದರೆ ಫಿಲ್ಮು ಕೆಡತೊಡಗಿದೆ ಎಂದರ್ಥ, ತಡಮಾಡದೆ ಸ್ಕ್ಯಾನ್ ಮಾಡಿಸಬೇಕು. ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿಲ್ಲದ, 1950ಕ್ಕಿಂತ ಹಿಂದಿನ ಫಿಲ್ಮಾಗಿದ್ದರೆ ಅದು ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಜಾತಿಯದಿರಬಹುದು. ಅದನ್ನು ಅಡುಗೆಮನೆಯ ಅಟ್ಟದ ಮೇಲಾಗಲಿ ದೇವರ ದೀಪದ ಹತ್ತಿರವಾಗಲಿ ಇಡದೆ, ತಂಪಾದ ಕಡೆ ಪ್ರತ್ಯೇಕವಾಗಿರಿಸಿ, ಬಲ್ಲವರಿಗೆ ತೋರಿಸಿ.