ಓದುಗರ ಪ್ರಶ್ನೆ: ಹಳೆಯ ಯಾಶಿಕಾ ಕೊಳ್ಳಬಹುದೇ?

ಪ್ರಶ್ನೆ: ಮಂಡ್ಯದಲ್ಲಿ ಮುಚ್ಚಿಹೋದ ಸ್ಟುಡಿಯೊ ಒಂದರ ಯಾಶಿಕಾ ಮ್ಯಾಟ್-124ಜಿ (ಮೇಲೊಂದು, ಕೆಳಗೊಂದು ಲೆನ್ಸಿರುವ ಫಿಲ್ಮ್ ಕ್ಯಾಮೆರಾ) ಮಾರಾಟಕ್ಕಿದೆ. ಹೊರಗೆ ಹೊಸದರಂತಿದೆ, ಬೆಳಕು ಅಳೆಯುವ ಮೀಟರ್ ಮಾತ್ರ ಸತ್ತಿದೆ. ಕೊಳ್ಳುವ ಮೊದಲು ಏನೇನು ನೋಡಬೇಕು?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೀಟರ್ ಸತ್ತಿದ್ದರೆ ಒಳ್ಳೆಯದೇ ಆಯಿತು, ಅದನ್ನೇ ಹೇಳಿ ಚೌಕಾಸಿ ಮಾಡಿ. ಹೊಳಪಿಗೆ ದುಡ್ಡು ಕೊಡಬೇಡಿ. ನೋಡಬೇಕಾದ್ದು ಷಟರ್ ಮತ್ತು ಕೆಳಗಿನ ಲೆನ್ಸ್.

ಷಟರನ್ನು 1 ಸೆಕೆಂಡಿಗಿಟ್ಟು ಒತ್ತಿ. ಗೇರು ಒಂದೇ ಸಮನೆ ಝರ್ರೆಂದು ಓಡಿ ಮುಚ್ಚಬೇಕು. ನಡುವೆ ಮುಗ್ಗರಿಸಿದರೆ, ತೆರೆದೇ ನಿಂತರೆ, ಒಳಗಿನ ಹಳೆಯ ಎಣ್ಣೆ ಒಣಗಿ ಅಂಟಾಗಿದೆ. ಬಿಚ್ಚಿ ತೊಳೆಸಿದರೆ ಸರಿಹೋಗುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಹಿಡಿಯಿರಿ. ‘ಒಂದು ತೊಟ್ಟು ಎಣ್ಣೆ ಬಿಟ್ರೆ ಆಯ್ತು ಸಾರ್’ ಎಂದರೆ ಒಪ್ಪಬೇಡಿ, ಎಣ್ಣೆ ಬ್ಲೇಡುಗಳಿಗೆ ಹರಿದು ಅವು ಕಚ್ಚಿಕೊಳ್ಳುತ್ತವೆ. ಸೆಲ್ಫ್ ಟೈಮರ್ ಲಿವರನ್ನಂತೂ ಮುಟ್ಟಲೇಬೇಡಿ. ಹಳೆಯ ಷಟರುಗಳು ಎಷ್ಟೋ ಸಲ ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಮುಂದೆ, ಹಿಂಬಾಗಿಲು ತೆರೆದು, ಒತ್ತಿರುವಷ್ಟು ಹೊತ್ತೂ ಷಟರ್ ತೆರೆದಿರುವ ‘ಬಿ’ಗಿಟ್ಟು, ಕೇಬಲ್ ರಿಲೀಸಿನಿಂದ (ಷಟರ್ ಒತ್ತುವ ತಂತಿ) ತೆರೆದಿಡಿ. ಅಪರ್ಚರ್ 3.5. ಲೆನ್ಸಿಗೆ ಟಾರ್ಚ್ ಬೆಳಕು ಬಿಟ್ಟು ಓರೆಯಾಗಿ ನೋಡಿ. ಜೇಡನ ಎಳೆಗಳಂಥದ್ದು ಕಂಡರೆ ಫಂಗಸ್. ಮೇಲಿನ ಲೆನ್ಸಿನಲ್ಲಿದ್ದರೆ ಚಿತ್ರಕ್ಕೇನೂ ಆಗದು. ಕೆಳಗಿನದರಲ್ಲಿ ಕೋಟಿಂಗನ್ನೇ ತಿಂದಿದ್ದರೆ ಒರೆಸಿದರೂ ಗುರುತು ಉಳಿಯುತ್ತದೆ, ಕಾಂಟ್ರಾಸ್ಟ್ ಸಪ್ಪೆಯಾಗುತ್ತದೆ. ಅಂಥದ್ದನ್ನು ಬಿಟ್ಟುಬಿಡಿ.

ಷಟರ್ ತೆರೆದಿರುವಾಗಲೇ ಇನ್ನೊಂದು ಪರೀಕ್ಷೆ ಮುಗಿಸಿ. ಹೆಚ್ಚಿನವರು ಮರೆಯುವುದು ಇದನ್ನೇ. ನಾವು ನೋಡುವುದು ಮೇಲಿನ ಲೆನ್ಸಿನಲ್ಲಿ, ಚಿತ್ರ ಬೀಳುವುದು ಕೆಳಗಿನದರಿಂದ. ಯಾರಾದರೂ ಮುಂಭಾಗ ಬಿಚ್ಚಿ ಸರಿಯಾಗಿ ಕೂರಿಸದಿದ್ದರೆ ಎರಡರ ಫೋಕಸ್ ಬೇರೆಬೇರೆಯಾಗಿರುತ್ತದೆ. ಫಿಲ್ಮ್ ಕೂರುವ ಪಟ್ಟಿಗಳ ಮೇಲೆ ಮಂಜುಗಾಜಿನಂಥ ಅರೆಪಾರದರ್ಶಕ ಟೇಪನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಅಂಟಿಸಿ, ಮೈಸೂರಿಗೆ ತಂದು ನೋಡುವುದಾದರೆ ಚಾಮುಂಡಿ ಬೆಟ್ಟದ ಗೋಪುರದತ್ತ ಹಿಡಿಯಿರಿ. ಫೋಕಸ್ ಗುಂಡಿ ಅನಂತಕ್ಕೆ (∞) ಇದ್ದಾಗ ಮೇಲೆ ನೋಡುವ ಗಾಜಿನಲ್ಲೂ ಟೇಪಿನ ಮೇಲೂ ಗೋಪುರ ಚೂಪಾಗಿರಬೇಕು. ಬಳಿಕ 1 ಮೀಟರ್ ದೂರದ ಪತ್ರಿಕೆಯ ಅಕ್ಷರಗಳ ಮೇಲೆ ಇದೇ ಪರೀಕ್ಷೆ.

ನೋಡುವ ಗಾಜಿನ ಕೆಳಗಿನ ಕನ್ನಡಿ ಮಬ್ಬಾಗಿದ್ದರೆ ಬಟ್ಟೆಯಿಂದ ಉಜ್ಜಬೇಡಿ. ಬೆಳ್ಳಿ ಲೇಪ ಗಾಜಿನ ಮುಂಭಾಗದಲ್ಲೇ ಇರುವುದರಿಂದ ಕಿತ್ತುಬರುತ್ತದೆ. ಸಾಧ್ಯವಾದರೆ ಒಂದು 120 ಫಿಲ್ಮ್ ರೋಲ್ ಹಾಕಿ 12 ಚಿತ್ರ ತೆಗೆಯಿರಿ. ಒಂದರ ಮೇಲೊಂದು ಬಿದ್ದಿದ್ದರೆ ವೈಂಡಿಂಗ್ ರಿಪೇರಿಗೆ ಬಂದಿದೆ.

ಪ್ರಶ್ನೆ: ಇದೇ ಕ್ಯಾಮೆರಾ ನನ್ನಲ್ಲೂ ಇದೆ. ಹೊಸ ಸೆಲ್ ಹಾಕಿದ ಮೇಲೆ ಚಿತ್ರಗಳು ಕಪ್ಪಾಗಿ ಬರುತ್ತಿವೆ.
– ಓದುಗರು, ಮದ್ದೂರು

ಉತ್ತರ: ಆ ಮೀಟರ್ 1.35 ವೋಲ್ಟಿನ ಪಾದರಸದ ಸೆಲ್ಲಿಗಾಗಿ ಮಾಡಿದ್ದು, ಆ ಸೆಲ್ ಈಗ ತಯಾರಾಗುವುದಿಲ್ಲ. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮೀಟರಿನ ಮುಳ್ಳು ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ, ನೀವು ಅಪರ್ಚರ್ ಕಿರಿದು ಮಾಡುತ್ತೀರಿ. ಮೀಟರ್ ಮರೆತುಬಿಡಿ. ಸುಡುಬಿಸಿಲಿಗೆ 100 ಐಎಸ್ಒ ಫಿಲ್ಮಿನಲ್ಲಿ ಅಪರ್ಚರ್ ಎಫ್-16, ಷಟರ್ 1/125 ಸೆಕೆಂಡ್. ಮೋಡ ಕವಿದರೆ ಎಫ್-8 ಅಥವಾ 5.6.