ಕಡಲ ತೀರದಲ್ಲಿ ಊಟಕ್ಕೆ ಯಾವ ಮೇಜು ಎಂದು ಕೇಳಿದವರಿಗೆ

ದಾರಿಯಲ್ಲಿ ಸಿಗುವ ಕಡಲ ತೀರದ ಊರಿನಲ್ಲಿ ಎರಡು ಗಂಟೆ ಬಿಡುವಿದೆ, ಊಟಕ್ಕೆ ಅಲೆ ಕಾಣುವ ಮೇಜನ್ನು ಹಿಡಿಯಬೇಕೋ, ಜನ ಹೆಚ್ಚಿರುವ ಹೋಟೆಲನ್ನು ಹುಡುಕಬೇಕೋ ಎಂದು ಕೇಳಿದ್ದೀರಿ. ಏಳು ವರ್ಷಗಳ ಹಿಂದೆ ನಾನೂ ನನ್ನ ತಂಗಿಯೂ ಇದೇ ಮಾತಾಡುತ್ತ ಬಸ್ಸಿನಿಂದ ಇಳಿದಿದ್ದೆವು.

ಕೊನೆಗೆ ಅಲೆ ಕಾಣುವ ಜಾಗವನ್ನೇ ಆರಿಸಿದೆವು. ಗರಿ ಹೊದಿಸಿದ ಚಪ್ಪರ, ಮರಳಿನಲ್ಲಿ ಊರಿದ ಬೆಂಚು, ಯಾವುದಕ್ಕೂ ಅವಸರಪಡದ ಜನ. ಇಂದಿಗೂ ಆ ನೋಟ ನನಗೆ ಪ್ರಿಯವೇ. ಆಗಲೇ ಮಧ್ಯಾಹ್ನ ಎರಡೂವರೆ ದಾಟಿತ್ತು. ಎದುರಿನ ಹಲಗೆಯ ಮೇಲೆ ಬೆಳಗ್ಗೆ ದೋಣಿಯಿಂದ ಇಳಿಸಿದ ಮೀನುಗಳನ್ನು ಸಾಲಾಗಿ ಇಟ್ಟಿದ್ದರು, ಅಡಿಯಲ್ಲಿದ್ದ ಮಂಜುಗಡ್ಡೆ ಪೂರ್ತಿ ಕರಗಿ ಹಲಗೆಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಅದನ್ನು ಕಂಡೂ ಒಂದು ಟ್ಯೂನಾ ಮೀನನ್ನು ತೋರಿಸಿ, ಚೆನ್ನಾಗಿ ಹುರಿದುಕೊಡಿ ಎಂದೆ.

ನನ್ನ ತಪ್ಪು ಇದ್ದದ್ದು ಆ 'ಚೆನ್ನಾಗಿ ಹುರಿದು' ಎಂಬ ನಂಬಿಕೆಯಲ್ಲಿ. ಬೆಂಕಿ ತಾಗಿದರೆ ಎಲ್ಲ ದೋಷವೂ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಟ್ಯೂನಾ, ಬಂಗುಡೆ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುತ್ತದೆ. ಹಿಡಿದ ಮೀನನ್ನು ಕೂಡಲೇ ತಣ್ಣಗಾಗಿಸಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡದೆ ಹೋದರೆ ಬ್ಯಾಕ್ಟೀರಿಯಾಗಳು ಆ ಹಿಸ್ಟಿಡಿನ್ ಅನ್ನು, ಅಲರ್ಜಿಯಂಥ ಲಕ್ಷಣಗಳನ್ನು ತರುವ ಹಿಸ್ಟಮೈನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ಬ್ಯಾಕ್ಟೀರಿಯಾಗಳು ಹುರಿದಾಗ ಸಾಯುತ್ತವೆ, ಆದರೆ ಅವು ಅಷ್ಟರೊಳಗೆ ಮಾಡಿಟ್ಟ ಹಿಸ್ಟಮೈನ್ ಮಾತ್ರ ಹುರಿದರೂ ಬೇಯಿಸಿದರೂ ಮತ್ತೆ ಮಂಜಿನಲ್ಲಿಟ್ಟರೂ ನಾಶವಾಗುವುದಿಲ್ಲ. ಮೀನು ನಾರದೆಯೂ ಇರಬಹುದು. ನನ್ನ ತಟ್ಟೆಯದ್ದು ನಾರಲಿಲ್ಲ. ನಾಲಿಗೆಯ ಮೇಲೆ ಕಾಳುಮೆಣಸಿನಂಥ ಚುರುಕು ಮಾತ್ರ ಇತ್ತು, ಅದನ್ನು ನಾನು ಮಸಾಲೆಯದೆಂದು ಭಾವಿಸಿ ಪೂರ್ತಿ ತಿಂದೆ.

ಅರ್ಧ ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪೇರಿದವು, ತಲೆ ಸಿಡಿಯತೊಡಗಿತು, ಎದೆ ಡವಗುಟ್ಟಿತು. ಬಿಸಿಲಿನ ಝಳವೆಂದುಕೊಂಡು ಸುಮ್ಮನಿದ್ದೆ. ಎರಡೇ ತುತ್ತು ತಿಂದಿದ್ದ ತಂಗಿಯ ಮುಖವೂ ಸ್ವಲ್ಪ ಕೆಂಪಾಗಿದ್ದುದನ್ನು ನಾವಿಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುದಿನದ ಹೊತ್ತಿಗೆ ಎಲ್ಲವೂ ಇಳಿಯಿತು, ಆದರೆ ನನಗೆ ಮೀನು ಒಗ್ಗುವುದಿಲ್ಲ ಎಂದು ನಾನೇ ತೀರ್ಮಾನಿಸಿ ನಾಲ್ಕು ವರ್ಷ ಮೀನು ಮುಟ್ಟಲಿಲ್ಲ. ಬೇರೆ ಕಾರಣಕ್ಕೆ ಕಂಡ ವೈದ್ಯರೊಬ್ಬರು ಈ ಕಥೆಯನ್ನೆಲ್ಲ ಕೇಳಿ, ಪರೀಕ್ಷೆಯನ್ನೂ ಮಾಡಿಸಿ, ಇದು ಅಲರ್ಜಿಯಲ್ಲ, ಕೆಟ್ಟ ಮೀನಿನ ಹಿಸ್ಟಮೈನ್ ವಿಷ ಎಂದು ಬಿಡಿಸಿ ಹೇಳಿದರು. ಆ ನಾಲ್ಕು ವರ್ಷಗಳ ಬಗ್ಗೆ ನನಗೆ ಈಗಲೂ ವ್ಯಥೆಯಿದೆ.

ಆದ್ದರಿಂದ ಮೇಜಿನ ಪ್ರಶ್ನೆಯನ್ನು ಬಿಡಿ, ಅದು ಮುಖ್ಯವೇ ಅಲ್ಲ. ಜನಸಂದಣಿಯನ್ನೂ ನಾನು ಪೂರ್ತಿ ನಂಬುವುದಿಲ್ಲ, ಏಕೆಂದರೆ ಬಸ್ಸು ನಿಲ್ಲುವ ಕಡೆ ಜನ ಹೇಗೂ ಸೇರುತ್ತಾರೆ. ಮೀನು ಬೆಳಗಿನಿಂದ ಎಲ್ಲಿತ್ತು ಎಂದು ಕೇಳಿ, ಮಂಜುಗಡ್ಡೆ ಮೀನಿನ ಅಡಿಗಷ್ಟೇ ಅಲ್ಲ, ಮೇಲೆಯೂ ಇದೆಯೇ ಎಂದು ನೋಡಿ. ಉತ್ತರ ತಡವರಿಸಿದರೆ ಅನ್ನ, ತರಕಾರಿ ತಿಂದು ಕಡಲು ನೋಡಿ ಹೊರಡಿ. ನಾಲಿಗೆ ಚುರುಗುಟ್ಟಿದರೆ ಆ ತುತ್ತನ್ನು ಅಲ್ಲಿಗೇ ಬಿಡಿ. ಮುಖ ಕೆಂಪೇರಿದರೆ ವೈದ್ಯರನ್ನು ಕಾಣಿ, ಉಸಿರಾಟ ಕಷ್ಟವಾದರೆ ಒಂದು ನಿಮಿಷವೂ ಕಾಯಬೇಡಿ. ತಿಂದ ಮೀನು ಯಾವುದು, ಅದೇ ತಟ್ಟೆಯಿಂದ ತಿಂದ ಬೇರೆಯವರಿಗೂ ಹೀಗಾಗಿದೆಯೇ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.