ಗೆರೆಯ ಯಾವ ಬದಿಗೆ ಗರಗಸ? ಮನೆಯ ಮರಗೆಲಸದ ಎಡವಟ್ಟುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿತ್ತಿಲಲ್ಲೋ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲೋ ರಜಾದಿನಗಳಲ್ಲಿ ಮರಗೆಲಸ ಮಾಡುವ ಓದುಗರಿಂದ ಬಂದ ಪತ್ರಗಳಲ್ಲಿ ಈ ಬಾರಿ ಕೈತಪ್ಪಿನ ಪ್ರಸಂಗಗಳೇ ಹೆಚ್ಚಾಗಿವೆ. ಮರಕ್ಕೆ ಆದ ಹಾನಿಗೆ ಸಾಮಾನ್ಯವಾಗಿ ಏನಾದರೊಂದು ಪರಿಹಾರ ಇದ್ದೇ ಇರುತ್ತದೆ. ಕೈಗೆ ಆಗುವ ಹಾನಿಯ ಮಾತು ಹಾಗಲ್ಲ. ಆದ್ದರಿಂದ ಮೈಸೂರಿನ ಓದುಗರ ಪ್ರಶ್ನೆಗೆ ಹೆಚ್ಚಿನ ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಪುಸ್ತಕದ ಕಪಾಟಿಗಾಗಿ 8 ಅಡಿಯ ಹಲಗೆಯ ಮೇಲೆ 18 ಅಂಗುಲಕ್ಕೊಂದರಂತೆ ಐದು ತುಂಡುಗಳಿಗೆ ಒಮ್ಮೆಗೇ ಗುರುತು ಹಾಕಿ, ಪ್ರತಿ ಗೆರೆಯ ಆಚೆಬದಿಗೆ ಗರಗಸವಿಟ್ಟು ಕೊಯ್ದೆ. ಮೊದಲ ತುಂಡು ಸರಿಯಾಗಿದೆ, ಉಳಿದ ನಾಲ್ಕೂ ಸುಮಾರು 2 ಮಿ.ಮೀ. ಗಿಡ್ಡವಾಗಿವೆ. ಟೇಪಿನ ತುದಿಯ ಕೊಕ್ಕೆ ಅಲುಗಾಡುತ್ತಿದ್ದುದೇ ಕಾರಣವಿರಬೇಕೆಂದು ಅದನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದ್ದೇನೆ. ಇನ್ನು ಈ ತುಂಡುಗಳನ್ನು ಏನು ಮಾಡಲಿ? (ಸಾಗರ)

ಉತ್ತರ: ತಪ್ಪು ಟೇಪಿನದಲ್ಲ. ಗರಗಸದ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರುವುದರಿಂದ ಕೊಯ್ದ ಸೀಳು ಅಲಗಿನ ದಪ್ಪಕ್ಕಿಂತ ಅಗಲವಾಗಿರುತ್ತದೆ, ಮತ್ತು ಅಷ್ಟು ಮರ ಹೊಟ್ಟಾಗಿ ಹೋಗುತ್ತದೆ. ನೀವು ಗೆರೆಯ ಆಚೆಬದಿಗೆ ಕೊಯ್ದಾಗ ಮೊದಲ ತುಂಡಿನ ಅಳತೆ ಉಳಿಯಿತು; ಆದರೆ ಹೊಟ್ಟಾಗಿ ಹೋದದ್ದು ಎರಡನೆಯ ತುಂಡಿನ ಪಾಲು, ಮುಂದಿನ ಕೊಯ್ತದಲ್ಲಿ ಮೂರನೆಯದರ ಪಾಲು. ಹೀಗಾಗಿ ಒಂದೇ ಹಲಗೆಯಿಂದ ಹಲವು ತುಂಡು ತೆಗೆಯುವಾಗ ಒಂದಕ್ಕೆ ಗುರುತು ಹಾಕಿ, ಅದನ್ನು ಕೊಯ್ದು, ಕೊಯ್ದ ತುದಿ ನೇರ ಮೂಲೆಯಾಗಿದೆಯೇ ಎಂದು ಮೂಲೆಮಟ್ಟದಿಂದ (ಲಂಬಕೋನ ನೋಡುವ ಸಾಧನ) ಪರೀಕ್ಷಿಸಿದ ಮೇಲೆಯೇ ಮುಂದಿನದಕ್ಕೆ ಗುರುತು ಹಾಕಬೇಕು. ಇದಕ್ಕಿಂತಲೂ ಒಳ್ಳೆಯ ಕ್ರಮವೆಂದರೆ, ಸರಿಯಾಗಿ ಬಂದ ಮೊದಲ ತುಂಡನ್ನೇ ಮಾದರಿಯಾಗಿಟ್ಟುಕೊಂಡು, ಅದನ್ನು ಹಲಗೆಯ ಮೇಲಿಟ್ಟು ಚಾಕುವಿನ ತುದಿಯಿಂದ ಗೀರುವುದು. ಆಗ ಟೇಪನ್ನು ಮತ್ತೆ ಮತ್ತೆ ಓದುವ ಪ್ರಮೇಯವೇ ಬರುವುದಿಲ್ಲ. ಗೆರೆಯ ಯಾವ ಬದಿಯ ಮರ ಬೇಡವೋ ಆ ಬದಿಗೆ ಪೆನ್ಸಿಲಿನಿಂದ ಒಂದು ಕತ್ತರಿ ಗುರುತು ಹಾಕುವ ಅಭ್ಯಾಸವನ್ನೂ ಮಾಡಿಕೊಳ್ಳಿ.

ಟೇಪಿನ ಕೊಕ್ಕೆಯನ್ನು ಸಡಿಲವಾಗಿಯೇ ತಯಾರಿಸಿರುತ್ತಾರೆ. ಅದು ತನ್ನ ದಪ್ಪದಷ್ಟೇ, ಅಂದರೆ ಸುಮಾರು 1 ಮಿ.ಮೀ.ನಷ್ಟು, ಹಿಂದೆ ಮುಂದೆ ಸರಿಯುತ್ತದೆ. ಹಲಗೆಯ ತುದಿಗೆ ಸಿಕ್ಕಿಸಿ ಎಳೆದಾಗ ಹೊರಕ್ಕೆ ಸರಿದು, ಪೆಟ್ಟಿಗೆಯ ಒಳಗೋಡೆಗೆ ಒತ್ತಿದಾಗ ಒಳಕ್ಕೆ ಸರಿದು, ಎರಡೂ ಬಗೆಯಲ್ಲಿ ಸೊನ್ನೆಯನ್ನು ಸರಿಯಾದ ಜಾಗಕ್ಕೆ ತರುತ್ತದೆ. ಈಗ ಅದು ಬಿಗಿಯಾಗಿರುವುದರಿಂದ ಎರಡರಲ್ಲಿ ಒಂದು ಅಳತೆ ಯಾವಾಗಲೂ ತಪ್ಪುತ್ತದೆ. ಟೇಪನ್ನು ಬದಲಿಸುವುದೇ ಸರಿ. 10 ಸೆಂ.ಮೀ. ಗುರುತಿನಿಂದ ಅಳೆಯಲು ಆರಂಭಿಸುವ ಉಪಾಯವೂ ಇದೆ, ಆದರೆ ಕೊನೆಯಲ್ಲಿ ಆ 10ನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಮರೆತು ಒಳ್ಳೆಯ ತೇಗದ ಹಲಗೆಯನ್ನು ಗಿಡ್ಡ ಮಾಡಿಕೊಂಡವರು ಬಹಳ ಮಂದಿ.

ಕಪಾಟಿನ ಬದಿಹಲಗೆಗಳನ್ನು ಇನ್ನೂ ಜೋಡಿಸಿಲ್ಲವಾದರೆ ಮೊದಲ ತುಂಡನ್ನೂ 2 ಮಿ.ಮೀ. ಸವರಿ ಉಳಿದವುಗಳಿಗೆ ಸಮ ಮಾಡಿಬಿಡಿ. ಕಪಾಟು 2 ಮಿ.ಮೀ. ಕಿರಿದಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಜೋಡಿಸಿಯಾಗಿದ್ದರೆ ಬದಿಹಲಗೆಗಳಿಗೆ ರೀಪರ್ ಪಟ್ಟಿ (ಕಿರಿದಾದ ಮರದ ಪಟ್ಟಿ) ಹೊಡೆದು ಅದರ ಮೇಲೆ ಅಡ್ಡಹಲಗೆಗಳನ್ನು ಕೂರಿಸಿ, ಮುಂಭಾಗದಲ್ಲಿ ಸಂದು ಕಾಣದಂತೆ ಬೀಡಿಂಗ್ ಪಟ್ಟಿ (ಅಂಚು ಮುಚ್ಚುವ ತೆಳು ಅಲಂಕಾರ ಪಟ್ಟಿ) ಕೊಡಿ.

ಪ್ರಶ್ನೆ: ಹಲಗೆಯ ತುದಿಗೆ ಮೊಳೆ ಹೊಡೆದಾಗಲೆಲ್ಲ ಮರ ಸೀಳುತ್ತದೆ. (ಹಾಸನ)

ಉತ್ತರ: ತುದಿಯಿಂದ ಸ್ವಲ್ಪ ಒಳಕ್ಕೆ, ಮೊಳೆಗಿಂತ ತೆಳುವಾದ ರಂಧ್ರವನ್ನು ಮೊದಲು ಕೊರೆದುಕೊಳ್ಳಿ. ಸೀಳಿದ ತುದಿಗೆ ಗೋಂದು ತುಂಬಿ ಕ್ಲ್ಯಾಂಪ್ (ಬಿಗಿಯಾಗಿ ಒತ್ತಿ ಹಿಡಿಯುವ ಸಾಧನ) ಹಾಕಿಟ್ಟರೆ ಸಾಮಾನ್ಯವಾಗಿ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ.

ಪ್ರಶ್ನೆ: ನಾಲ್ಕು ಕಾಲಿನ ಸ್ಟೂಲು ಕುಂಟುತ್ತಿತ್ತು. ಉದ್ದವೆನಿಸಿದ ಕಾಲನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತಾ ಹೋದೆವು. ಎತ್ತರ 2 ಅಂಗುಲ ಇಳಿದರೂ ಕುಂಟು ಮಾತ್ರ ಹೋಗಿಲ್ಲ. (ಧಾರವಾಡ)

ಉತ್ತರ: ಕಣ್ಣಂದಾಜಿನಲ್ಲಿ ಒಂದೊಂದೇ ಕಾಲನ್ನು ಕೊಯ್ಯುತ್ತಿದ್ದರೆ ಕುಂಟು ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ಇನ್ನು ಮುಂದೆ ಗರಗಸ ಮುಟ್ಟುವ ಮೊದಲು ಸ್ಟೂಲನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯಂತಹ ನಿಜಕ್ಕೂ ಸಮತಟ್ಟಾದ ಜಾಗದ ಮೇಲಿಟ್ಟು ನೋಡಿ, ಏಕೆಂದರೆ ಎಷ್ಟೋ ವೇಳೆ ಡೊಂಕಿರುವುದು ನೆಲವೇ. ಅಲ್ಲಿಯೂ ಕುಂಟಿದರೆ, ಮೇಲ್ಭಾಗ ಮಟ್ಟಸವಾಗುವವರೆಗೆ ಕಾಲುಗಳ ಅಡಿಗೆ ತೆಳುವಾದ ಚಕ್ಕೆಗಳನ್ನು ಸಿಕ್ಕಿಸಿ. ಬಳಿಕ ಅತಿ ದೊಡ್ಡ ಸಂದಿಗಿಂತ ತುಸು ದಪ್ಪನೆಯ ಮರದ ತುಂಡೊಂದರ ಮೇಲೆ ಪೆನ್ಸಿಲನ್ನು ಅಡ್ಡಲಾಗಿ ಒತ್ತಿ ಹಿಡಿದು, ಆ ತುಂಡನ್ನು ಕಟ್ಟೆಯ ಮೇಲೆ ಜಾರಿಸುತ್ತಾ ನಾಲ್ಕೂ ಕಾಲುಗಳ ಸುತ್ತ ಗೆರೆ ಎಳೆಯಿರಿ. ಕಾಲುಗಳು ಓರೆಯಾಗಿದ್ದರೂ ಆ ಗೆರೆ ಮಾತ್ರ ನೆಲಕ್ಕೆ ಸಮಾನಾಂತರವಾಗಿರುತ್ತದೆ. ನಾಲ್ಕನ್ನೂ ಗೆರೆಗೆ ಸರಿಯಾಗಿ ಒಮ್ಮೆ ಕೊಯ್ದರೆ ಸಾಕು.

ಪ್ರಶ್ನೆ: ಹಲಸಿನ ಮರದ ಪೆಟ್ಟಿಗೆಗೆ ಬಣ್ಣ ಕೊಟ್ಟಾಗ ಕೂಡುಗೆಗಳ ಬಳಿ ಅಲ್ಲಲ್ಲಿ ಮಾಸಲು ಕಲೆಗಳು ಉಳಿದವು. ಅದರ ಮೇಲೆ ಅರಗಿನ ಪಾಲಿಶ್ ಹಚ್ಚಿದರೆ ಹಾಲಿನಂತೆ ಬೆಳ್ಳಗಾಯಿತು. (ಪುತ್ತೂರು)

ಉತ್ತರ: ಇವೆರಡೂ ಬೇರೆ ಬೇರೆ ತಪ್ಪುಗಳು. ಕಲೆಗಳು ಗೋಂದಿನವು: ಒತ್ತಿದಾಗ ಹೊರಬಂದ ಬಿಳಿ ಗೋಂದು ಮರದ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿರುವುದರಿಂದ ಅಲ್ಲಿ ಬಣ್ಣ ಇಳಿದಿಲ್ಲ. ಒಣಗಿದ ಗೋಂದನ್ನು ಉಳಿಯಿಂದ ಕೆರೆದು, ಮರಳುಕಾಗದದಿಂದ ಹೊಸ ಮರ ಕಾಣುವವರೆಗೆ ಉಜ್ಜಿ, ಆ ಫಲಕಕ್ಕೆ ಪೂರ್ತಿಯಾಗಿ ಮತ್ತೆ ಬಣ್ಣ ಕೊಡಬೇಕಾಗುತ್ತದೆ. ಮುಂದಿನ ಸಲ ಗೋಂದು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ, ಪ್ರತಿ ಒರೆಸುವಿಕೆಗೂ ಬಟ್ಟೆಯ ಶುಭ್ರ ಭಾಗ ತಾಗುವಂತೆ, ಒರೆಸಿ ತೆಗೆಯಿರಿ. ಬೆಳ್ಳಗಾದದ್ದು ಮಳೆಗಾಲದ ಕಾಟ. ಸ್ಪಿರಿಟ್ ಬೇಗನೆ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಪಾಲಿಶ್‌ನೊಳಗೆ ಸಿಕ್ಕಿಕೊಳ್ಳುತ್ತದೆ. ಮಳೆ ಬಿಟ್ಟು ಒಣಹವೆ ಇರುವ ದಿನ ಸ್ಪಿರಿಟ್ ತುಸು ಹೆಚ್ಚಿರುವ ತೆಳು ಪಾಲಿಶ್ ಅನ್ನು ಹಗುರವಾಗಿ ಹಚ್ಚಿದರೆ ಹಳೆಯ ಪದರ ಕರಗಿ ತೇವ ಹೊರಹೋಗುತ್ತದೆ, ಬಿಳುಪು ಬಹುಮಟ್ಟಿಗೆ ಮಾಯವಾಗುತ್ತದೆ. ದಕ್ಷಿಣ ಕನ್ನಡದ ಆಷಾಢದಲ್ಲಿ ಪಾಲಿಶ್ ಕೆಲಸಕ್ಕೆ ಅವಸರ ಮಾಡದಿರುವುದೇ ಮೇಲು.

ಪ್ರಶ್ನೆ: 4 ಇಂಚಿನ ಗ್ರೈಂಡರಿಗೆ (ಲೋಹಕ್ಕೆ ಸಾಣೆ ಹಿಡಿಯುವ ಕೈಯಂತ್ರ) ಮರ ಕೊಯ್ಯುವ ಹಲ್ಲಿನ ಬಿಲ್ಲೆ ಹಾಕಿ ಹಲಗೆ ಕೊಯ್ಯುತ್ತಿದ್ದಾಗ ಯಂತ್ರ ಒದ್ದು ಹೆಬ್ಬೆರಳಿನ ಚರ್ಮ ಕಿತ್ತುಹೋಯಿತು. ಬಿಲ್ಲೆ ಕಾಣುವುದಿಲ್ಲವೆಂದು ಅದರ ಗಾರ್ಡ್ (ರಕ್ಷಣೆಯ ಕವಚ) ತೆಗೆದಿದ್ದೆ. ಗಟ್ಟಿಯಾಗಿ ಹಿಡಿಯುವ ಕ್ರಮ ಯಾವುದು? ಕೈಗವಸು ಹಾಕಿಕೊಂಡರೆ ಸಾಕೆ? (ಮೈಸೂರು)

ಉತ್ತರ: ದಯವಿಟ್ಟು ಆ ಬಿಲ್ಲೆಯನ್ನು ಇಂದೇ ಕಳಚಿಡಿ. ಹಿಡಿಯುವ ಕ್ರಮವನ್ನು ನಾವು ಹೇಳಿಕೊಡುವುದಿಲ್ಲ, ಏಕೆಂದರೆ ಎಷ್ಟು ಬಲವಾಗಿ ಹಿಡಿದರೂ ಈ ಜೋಡಣೆ ಸುರಕ್ಷಿತವಾಗುವುದಿಲ್ಲ. ಗ್ರೈಂಡರು ಸಾಣೆಯ ಬಿಲ್ಲೆಗಾಗಿ ತಯಾರಾದ ಯಂತ್ರ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 4 ಇಂಚಿನ ಬಿಲ್ಲೆಯ ಅಂಚು ಆಗ ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿರುತ್ತದೆ. ಸಾಣೆಯ ಬಿಲ್ಲೆ ತಾಗಿದ್ದನ್ನು ಸವೆಸುತ್ತದೆ, ಹಲ್ಲಿನ ಬಿಲ್ಲೆ ಕಚ್ಚುತ್ತದೆ. ಕೊಯ್ಯುತ್ತಿರುವ ಸೀಳು ಸ್ವಲ್ಪ ಮುಚ್ಚಿಕೊಂಡರೂ, ಗಂಟೊಂದು ಅಡ್ಡ ಬಂದರೂ, ಮಣಿಕಟ್ಟು ಒಂದಿಷ್ಟು ಓರೆಯಾದರೂ ಹಲ್ಲು ಸಿಕ್ಕಿಕೊಂಡು, ಮೋಟಾರಿನ ಬಲವೆಲ್ಲ ಯಂತ್ರವನ್ನೇ ಎತ್ತಿ ಎಸೆಯುತ್ತದೆ. ಮರ ಕೊಯ್ಯುವ ಸರ್ಕ್ಯುಲರ್ ಗರಗಸದಲ್ಲಿ ಹಲಗೆಯ ಮೇಲೆ ಕೂರುವ ಅಗಲವಾದ ತಳತಟ್ಟೆ ಇರುತ್ತದೆ, ಆಳವನ್ನು ಹೊಂದಿಸಬಹುದು, ತಾನಾಗಿ ಮುಚ್ಚಿಕೊಳ್ಳುವ ಗಾರ್ಡ್ ಇರುತ್ತದೆ. ಗ್ರೈಂಡರಿನಲ್ಲಿ ಇವು ಯಾವುವೂ ಇಲ್ಲ. ಅನೇಕ ಗ್ರೈಂಡರುಗಳ ಸ್ವಿಚ್ಚು ಒಮ್ಮೆ ಒತ್ತಿದರೆ ಕೈಬಿಟ್ಟರೂ ಚಾಲೂ ಆಗಿಯೇ ಉಳಿಯುವಂಥದ್ದು, ಆದ್ದರಿಂದ ಕೈಯಿಂದ ಜಾರಿ ಬಿದ್ದ ಮೇಲೂ ಬಿಲ್ಲೆ ತಿರುಗುತ್ತಲೇ ಇರುತ್ತದೆ. ಗಾರ್ಡ್ ಇಲ್ಲದಿದ್ದರೂ ಚರ್ಮವಷ್ಟೇ ಹೋಗಿ ಬೆರಳು ಉಳಿದದ್ದು ದೊಡ್ಡ ಸಂಗತಿ.

ಕೈಗವಸಿನ ವಿಚಾರದಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. ನೂಲಿನ ಕೈಗವಸಿನ ಒಂದು ಎಳೆ ತಿರುಗುವ ಹಲ್ಲಿಗೆ ಸಿಕ್ಕರೆ ಕೈಯನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಸಡಿಲ ತೋಳಿನ ಅಂಗಿ, ಹೆಗಲ ಮೇಲಿನ ಟವೆಲ್ಲು, ದುಪಟ್ಟಾ, ಕೊರಳ ಸರ ಇವುಗಳಿಂದಲೂ ಅದೇ ಅಪಾಯವಿದೆ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ, ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿಯುವ ಬದಲು ಮೇಜಿಗೆ ಕ್ಲ್ಯಾಂಪ್ ಮಾಡಿ, ಕತ್ತರಿಸಿ ಬೀಳುವ ತುದಿ ಮಾತ್ರ ಹೊರಗೆ ಚಾಚಿರಲಿ. ಆಗೊಮ್ಮೆ ಈಗೊಮ್ಮೆ ಕೊಯ್ಯುವವರಿಗೆ ಹರಿತವಾದ ಕೈಗರಗಸ ಸಾಕು. ಪ್ಲೈವುಡ್ಡಿನ ಉದ್ದ ಕೊಯ್ತಗಳನ್ನು ಅಂಗಡಿಯವರಿಂದಲೋ ಮರದ ಮಿಲ್ಲಿನಲ್ಲೋ ಮಾಡಿಸಿಕೊಳ್ಳಬಹುದು. ಗಾಯವನ್ನು ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ.

ಪ್ರಶ್ನೆ: ಮೇಜಿಗೆ ಅಗಸೆ ಎಣ್ಣೆ ಹಚ್ಚಿ, ಒರೆಸಿದ ಬಟ್ಟೆಗಳನ್ನು ಹೊಟ್ಟಿನ ಬುಟ್ಟಿಗೆ ಹಾಕಿದ್ದೆ. ಸಂಜೆ ಸುಟ್ಟ ವಾಸನೆ ಬಂದು ನೋಡಿದರೆ ಬಟ್ಟೆಯ ಮುದ್ದೆ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಹತ್ತಿರದಲ್ಲಿ ಬೆಂಕಿ ಇರಲಿಲ್ಲ. (ಶಿರಸಿ)

ಉತ್ತರ: ಅಗಸೆ ಎಣ್ಣೆ ಒಣಗುವುದು ನೀರಿನಂತೆ ಆರಿ ಅಲ್ಲ, ಗಾಳಿಯ ಆಮ್ಲಜನಕದೊಂದಿಗೆ ಕೂಡಿ. ಹಾಗೆ ಕೂಡುವಾಗ ಶಾಖ ಹುಟ್ಟುತ್ತದೆ. ಮೇಜಿನ ಮೇಲೆ ಅದು ಹರಡಿ ಹೋಗುತ್ತದೆ, ಮುದ್ದೆಯಾದ ಬಟ್ಟೆಯಲ್ಲಾದರೆ ಒಳಗೇ ಉಳಿದು ಏರುತ್ತಾ ಹೋಗಿ, ಕೆಲವು ಗಂಟೆಗಳಲ್ಲಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಕೆಳಗೆ ಮರದ ಹೊಟ್ಟೂ ಇದ್ದುದರಿಂದ ನೀವು ಸಮಯಕ್ಕೆ ನೋಡಿದ್ದು ಮನೆಯನ್ನೇ ಉಳಿಸಿರಬಹುದು. ಇಂತಹ ಬಟ್ಟೆಗಳನ್ನು ಮಡಚದೆ, ಒಂದರ ಮೇಲೊಂದು ಹಾಕದೆ, ಮನೆಯ ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರಡಿ. ಅದಕ್ಕೆ ಜಾಗವಿಲ್ಲದಿದ್ದರೆ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ. ಹರಡಿದ ಬಟ್ಟೆ ಪೂರ್ತಿ ಒಣಗಿ ಹಪ್ಪಳದಂತೆ ಗಡುಸಾದ ಮೇಲೆ ಕಸಕ್ಕೆ ಹಾಕಬಹುದು.